ನಮಗೆ ಗೋಧಿ ಆರಿಸಿಕೊಟ್ಟವರು

ಮುಳಬಾಗಿಲಿನ ಬಸ್ ನಿಲ್ದಾಣದ ಎದುರಿಗೆ ಆ ಫ್ಲೆಕ್ಸ್ ಇನ್ನೂ ನಿಂತಿದೆ. ‘ಕೋಲಾರ ಸೀಮೆಯ ಗೋಧಿ ಬ್ರಹ್ಮ ಇನ್ನಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದು, ಬಿಳಿ ಮೋಡಗಳ ನಡುವೆ ಅವರ ಮುಖ ಕೂರಿಸಿದ್ದಾರೆ. ಹೆಗಲ ಮೇಲೆ ಹಸಿರು ಶಾಲು, ಪಕ್ಕದಲ್ಲಿ ತೆನೆಗಳ ಒಂದು ಕಟ್ಟು. ಫ್ಲೆಕ್ಸ್ ಮಾಡಿದವರು ಎಲ್ಲಿಂದಲೋ ಎತ್ತಿಕೊಂಡ ಚಿತ್ರ ಅದು. ಆ ತೆನೆ ಬಾರ್ಲಿಯದು. ದಿನವಿಡೀ ಜನ ಅದರ ಕೆಳಗೆ ನಿಂತು ಬಸ್ಸು ಕಾಯುತ್ತಾರೆ, ಒಬ್ಬರಿಗೂ ಗೊತ್ತಾಗಿಲ್ಲ. ಬದುಕಿದ್ದರೆ ಅವರಿಗೂ ಗೊತ್ತಾಗುತ್ತಿರಲಿಲ್ಲ.

ಅವರು ನಮ್ಮ ಸಾವಯವ ಕೃಷಿಕರ ಗುಂಪಿನ ಅಧ್ಯಕ್ಷರು. ನಾನು ಕಾರ್ಯದರ್ಶಿ. ಗುಂಪು ಎಂದರೆ ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಇಪ್ಪತ್ತು ಚಿಲ್ಲರೆ ಮನೆಗಳು. ನಾನು ರೈತನೇನೂ ಅಲ್ಲ, ಮುಳಬಾಗಿಲಿನ ಅಂಗಡಿಗಳಿಗೆ ಲೆಕ್ಕ ಬರೆದುಕೊಂಡು ಬದುಕಿದವನು. ಆವನಿ ದಾರಿಯಲ್ಲಿ ಅಪ್ಪನ ಕಾಲದ ಎರಡು ಎಕರೆ ಇದೆ, ಪಾಲಿಗೆ ಕೊಟ್ಟಿದ್ದೇನೆ. ಸಭೆಯ ನಡಾವಳಿಯನ್ನು ತಪ್ಪಿಲ್ಲದೆ ಬರೆಯುತ್ತೇನೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಅವರನ್ನು ಯಾಕೆ ಅಧ್ಯಕ್ಷರನ್ನಾಗಿ ಮಾಡಿದೆವು ಎಂದು ಕೇಳಿದರೆ ನಮ್ಮಲ್ಲಿ ಯಾರಿಗೂ ನೆನಪಿಲ್ಲ. ಮೊದಲ ಸಭೆಗೆ ಬಂದವರೇ ನಡುವಿನ ಕುರ್ಚಿಯಲ್ಲಿ ಕೂತರು. ಆಮೇಲೆ ಏಳಲಿಲ್ಲ.

ಅದಕ್ಕೆ ಮೊದಲು ಅವರು ಶ್ರೀನಿವಾಸಪುರದಲ್ಲಿ ಮೂವತ್ತು ವರ್ಷ ಮಾವಿನ ತೋಪುಗಳಿಗೆ ಔಷಧ ಮಾರಿದವರು. ಹೂ ಬಿಡುವ ಮುಂಚೆ ಒಂದು ಸಲ, ಹೂ ಬಿಟ್ಟಾಗ ಒಂದು ಸಲ, ಪಿಂದೆ ಕಚ್ಚಿದಾಗ ಎರಡು ಸಲ ಎಂದು ಬಂದವರಿಗೆಲ್ಲ ಡಬ್ಬ ಕಟ್ಟಿ ಕೊಟ್ಟವರು. ಅಂಗಡಿಯ ಹಳೇ ಬೋರ್ಡಿನ ಮೇಲೆ ಹಸಿರು ಬಣ್ಣ ಬಳಿದು ‘ಸಾವಯವ ಕೇಂದ್ರ’ ಎಂದು ಬರೆಸಿದ್ದರು. ಮಧ್ಯಾಹ್ನದ ಬಿಸಿಲು ಓರೆಯಾಗಿ ಬಿದ್ದರೆ ಕೆಳಗಿನ ‘ಕ್ರಿಮಿನಾಶಕಗಳ ಮಾರಾಟಗಾರರು’ ಎಂಬ ಅಕ್ಷರಗಳು ಈಗಲೂ ಕಾಣುತ್ತವೆ.

ಅವರ ಮನಸ್ಸು ತಿರುಗಿದ ಕಥೆಯನ್ನು ಎಲ್ಲ ವೇದಿಕೆಯ ಮೇಲೂ ಹೇಳುತ್ತಿದ್ದರು. ಭೂಮಿತಾಯಿ ಕನಸಿನಲ್ಲಿ ಬಂದು ಕಣ್ಣೀರು ಹಾಕಿದಳಂತೆ. ನನಗೆ ಗೊತ್ತಿರುವ ಕಥೆ ಬೇರೆ. ಡಾಕ್ಟರು ಸಕ್ಕರೆ ಕಾಯಿಲೆ ಅಂದರು, ರಾತ್ರಿ ಹೊತ್ತು ಮುದ್ದೆ ಬಿಟ್ಟು ಚಪಾತಿ ತಿನ್ನಿ ಅಂದರು. ಆವತ್ತಿನಿಂದ ಅವರ ಹೊಟ್ಟೆಗೆ ಗೋಧಿ ಹೋಗತೊಡಗಿತು. ಹೋಗತೊಡಗಿದ ಮೇಲೆ, ಅದಕ್ಕೆ ಯಾರು ಏನು ಹೊಡೆದಿರುತ್ತಾರೋ ಎಂಬ ಭಯ ಹಿಡಿಯಿತು. ತಾನು ಮೂವತ್ತು ವರ್ಷ ಮಾರಿದ ಡಬ್ಬಗಳ ಮೇಲಿನ ಸಣ್ಣಕ್ಷರವನ್ನು ಆಗ ಮೊದಲ ಸಲ ಓದಿದರು. ಹೀಗೆ ಒಬ್ಬರ ರಾತ್ರಿಯೂಟಕ್ಕಾಗಿ ರಾಗಿ ಬೆಳೆಯುವ ನಮ್ಮ ಎರಡು ತಾಲ್ಲೂಕು ಗೋಧಿ ಬಿತ್ತಬೇಕಾಗಿ ಬಂತು.

ಧಾರವಾಡದ ಕಡೆ ಹೋಗಿ ಬಂದರು. ಬರುವಾಗ ಕಾರಿನ ಹಿಂದೆ ಏಳು ಸಣ್ಣ ಚೀಲ. ಏಳು ತಳಿ. ಸಭೆ ಕರೆದು ಏಳು ತಟ್ಟೆಯಲ್ಲಿ ಸುರಿದು, ಒಂದೊಂದು ಕಾಳನ್ನು ಮುಂಬಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿ ಕಡಿಯುವರು. ‘ಕಟಕ್’ ಎಂದರೆ ತಲೆಯಾಡಿಸುವರು. ಮೆತ್ತಗಾದರೆ ಎಡಕ್ಕೆ ಉಗಿಯುವರು. ಎಡಕ್ಕೆ ಕೂರುವವನು ನಾನು.

“ತಳಿ ಅಂದ್ರೆ ಮನೆತನ ರೀ,” ಎಂದರು. “ಗೋಧಿ ಆರ್ಸೋದು ಹೆಣ್ಣು ನೋಡಿದಂಗೆ. ಮುಖ ನೋಡ್ತಿದ್ದಂಗೆ ಹೇಳ್ಬಿಡ್ತೀನಿ.”

ಹಿಂದಿನ ಸಾಲಿನಿಂದ ಮುನಿಯಮ್ಮ ಹೇಳಿದಳು: “ನೋಡಕ್ ಬಂದೋರು ಉಪ್ಪಿಟ್ಟು ತಿಂದು ಹೋಗ್ತಾರೆ ಸಾಮಿ. ಬಾಳೋರು ಬ್ಯಾರೆ.”

ಎಲ್ಲರೂ ನಕ್ಕರು. ಅಧ್ಯಕ್ಷರೂ ನಕ್ಕರು, ಅರ್ಥವಾಗದೆ. ಮುನಿಯಮ್ಮ ಆವನಿಯ ಹತ್ತಿರದವಳು. ಗಂಡ ತೀರಿಕೊಂಡಿದ್ದಾನೆ, ಬೋರ್‌ವೆಲ್ ಇರುವ ಒಂದು ಎಕರೆ, ಎರಡು ಹಸು. ನನ್ನ ಭೂಮಿಯ ಪಕ್ಕದ ಬದುವೇ ಅವಳದು. ಅವರ ಮನೆಯಲ್ಲಿ ತೆಲುಗು ಆಡುತ್ತಾರೆ, ನಮ್ಮ ಜೊತೆ ಕನ್ನಡ. ಸಿಟ್ಟು ಬಂದರೆ ಯಾರ ಜೊತೆಗಾದರೂ ತೆಲುಗೇ.

ತಳಿ ಆರಿಸುವುದು ಅಂದರೆ ಏನೇನು ಕೇಳಬೇಕು ಎಂದು ನನ್ನಂಥ ಲೆಕ್ಕದವನಿಗೂ ಈಗ ಗೊತ್ತು. ಗೊಬ್ಬರದ ಚೀಲ ಹಾಕದ ನೆಲದಲ್ಲಿ ಯಾವುದು ಎದ್ದು ನಿಲ್ಲುತ್ತದೆ? ಕಳೆಯನ್ನು ಯಾವುದು ತಾನೇ ತುಳಿಯುತ್ತದೆ? ನಮ್ಮ ಚಳಿ ಎಷ್ಟು ದಿನ, ಅಷ್ಟರಲ್ಲಿ ಕಾಳು ಕಟ್ಟುತ್ತದೋ ಇಲ್ಲವೋ? ಎಲೆಗೆ ತುಕ್ಕು ಬಂದರೆ ತಡೆಯುತ್ತದೋ? ಹುಲ್ಲನ್ನು ಹಸು ಮೂಸುತ್ತದೋ? ಇದರಲ್ಲಿ ಒಂದನ್ನೂ ಅವರು ಕೇಳಲಿಲ್ಲ. ಅವರು ನೋಡುತ್ತಿದ್ದದ್ದು ಹೊಲ ಫೋಟೋದಲ್ಲಿ ಹೇಗೆ ಬರುತ್ತದೆ ಎಂದು. ಗಿಡ್ಡ ತಳಿಯೊಂದು ಕತ್ತರಿಸಿದಂತೆ ಒಂದೇ ಎತ್ತರ ಬರುತ್ತದೆ ಎಂದು ಯಾರೋ ಹೇಳಿದ್ದರು, ಅದನ್ನು ತಮ್ಮ ಹೊಲಕ್ಕೂ ಭಾವಮೈದುನನ ಹೊಲಕ್ಕೂ ಇಟ್ಟುಕೊಂಡರು. ಚೀಲ ಚೀಲ ಯೂರಿಯಾ ತಿಂದು ಬೆಳೆಯಲೆಂದೇ ಹುಟ್ಟಿಸಿದ ತಳಿ ಅದು. ಮೂವತ್ತು ವರ್ಷ ಔಷಧದಂಗಡಿ ಇಟ್ಟವರಿಗೆ ಇದು ಹೊಳೆಯದೇ ಹೋಯಿತು.

ನನ್ನ ಪಾಲಿಗೆ ಬಂದದ್ದು ಮೀಸೆಯಿಲ್ಲದ ಬೋಳು ತೆನೆಯ ತಳಿ. ಮುನಿಯಮ್ಮ ಸಾಲಿನಲ್ಲಿ ಕೊನೆಗೆ ನಿಂತಿದ್ದಳು. ಕೊನೆಗೆ ಉಳಿದದ್ದು ಉದ್ದ ಮೀಸೆಯ ಕೆಂಪು ಗೋಧಿ. ಅದನ್ನು ಅವರು ಕಡಿದು ಉಗಿದಾಗಿತ್ತು. “ತಗೊಳಮ್ಮ, ಮೇವಿಗಾದ್ರೂ ಆಗುತ್ತೆ,” ಎಂದು ಅವಳ ಸೆರಗಿಗೆ ಸುರಿದರು.

ಬಿತ್ತನೆಯ ಕಥೆ ಕೇಳಿ. ಗೋಧಿಗೆ ಬೇಕಾದದ್ದು ಚಳಿ. ನಮ್ಮಲ್ಲಿ ಇರುವುದೇ ಒಂದಿಷ್ಟು ಚಳಿ, ಕಾರ್ತಿಕದಲ್ಲಿ ಬಿತ್ತಿದರೆ ಸಿಗುತ್ತದೆ. ಅಧ್ಯಕ್ಷರು ಬಿತ್ತನೆಗೊಂದು ಉದ್ಘಾಟನೆ ಇಟ್ಟರು. ಉದ್ಘಾಟಿಸಬೇಕಾದ ಗಣ್ಯರಿಗೆ ಆ ವಾರ ಆಗಲಿಲ್ಲ, ಮುಂದಿನ ವಾರವೂ ಆಗಲಿಲ್ಲ. ಹದ ಆರಿತು, ಮತ್ತೆ ನೀರು ಕಟ್ಟಿದೆವು, ಮತ್ತೆ ಆರಿತು. ಮೂರು ವಾರ ಶಾಮಿಯಾನದವನು ಮಾತ್ರ ಬಂದು ಹೋದ. ಕಡೆಗೆ ಗಣ್ಯರು ಬಂದು, ಬೂಟು ಹಾಕಿಕೊಂಡೇ ಹೊಲದಲ್ಲಿ ನಿಂತು, ಕೂರಿಗೆಯ ಬಟ್ಟಲಿಗೆ ಒಂದು ಹಿಡಿ ಕಾಳು ಹಾಕಿ ಚಪ್ಪಾಳೆ ತಟ್ಟಿಸಿಕೊಂಡು ಹೋದರು. ಹೆಚ್ಚಿನವರ ಗೋಧಿ ಶಿವರಾತ್ರಿಯ ಬಿಸಿಲಿಗೆ ಸಿಕ್ಕಿ, ಹಾಲು ತುಂಬುವ ಮೊದಲೇ ಸುಕ್ಕಾಯಿತು. ಮುನಿಯಮ್ಮ ಯಾರನ್ನೂ ಕಾಯದೆ ಕಾರ್ತಿಕದಲ್ಲೇ ಬಿತ್ತಿದ್ದಳು. “ಅವ್ರಿಗೆ ಟೈಮಿಲ್ಲ ಅಂತ ಚಳಿ ನಿಂತ್ಕೊಂತದಾ?” ಎಂದಳು.

ನನ್ನ ಗೋಧಿ ಸುಕ್ಕಾಗುವುದಕ್ಕೂ ಉಳಿಯಲಿಲ್ಲ. ರಾಗಿ ಕೊಯ್ದು ಮುಗಿದು ಹೊಲಗಳೆಲ್ಲ ಬೋಳಾಗಿರುವ ಹೊತ್ತಿನಲ್ಲಿ ಇಡೀ ಹೋಬಳಿಗೆ ಹಸಿರು ತೆನೆ ಇದ್ದದ್ದು ನಮ್ಮ ನಾಲ್ಕಾರು ಹೊಲಗಳಲ್ಲಿ. ಸುತ್ತಲಿನ ಗಿಳಿ, ಗುಬ್ಬಿ, ಆವನಿ ಬೆಟ್ಟದ ನವಿಲು ಎಲ್ಲವೂ ಬಂದವು. ಬಾಯಿಗೆ ಚುಚ್ಚಲು ಮೀಸೆಯಿಲ್ಲದ ತೆನೆಯನ್ನು ಬುಡದಿಂದ ತುದಿಯವರೆಗೆ ಬಿಡಿಸಿ ತಿಂದವು. ನನ್ನ ಪಾಲುಗಾರ ತಟ್ಟೆ ಬಡಿದೂ ಬಡಿದೂ ತಟ್ಟೆಯನ್ನೇ ಒಡೆದುಕೊಂಡ. ಬದುವಿನ ಆಚೆ ಮುನಿಯಮ್ಮನ ಹೊಲದಲ್ಲಿ ಅವು ಒಂದು ಸಲ ಇಳಿದು, ಮೀಸೆ ಚುಚ್ಚಿಸಿಕೊಂಡು ನನ್ನ ಕಡೆಗೇ ಬರುತ್ತಿದ್ದವು. ನಾನು ಅಧ್ಯಕ್ಷರಿಗೆ ಫೋನು ಮಾಡಿದೆ. “ಪಕ್ಷಿಗಳೂ ಜೀವವೈವಿಧ್ಯ ಅಲ್ವೇನ್ರೀ,” ಎಂದರು.

ಅವರ ಹೊಲದಲ್ಲಿ ಕ್ಷೇತ್ರೋತ್ಸವ ನಡೆಯಿತು. ನೂರು ಜನಕ್ಕೆ ಊಟ. ಹಿಂದಿನ ದಿನ ಹತ್ತು ಹೆಂಗಸರನ್ನು ಕರೆಸಿ ಕಳೆ ಕೀಳಿಸಿದ್ದರು. ಆ ಹತ್ತರಲ್ಲಿ ಮುನಿಯಮ್ಮನೂ ಒಬ್ಬಳು. “ಅಧ್ಯಕ್ಷರ್ ಗೋಧಿ ಹುಡ್ಕಕ್ ಹೋಗಿದ್ದೆ ಸಾಮಿ,” ಎಂದು ಬಂದು ನನಗೆ ಹೇಳಿದಳು. “ಮಧ್ಯಾಹ್ನದ ಹೊತ್ತಿಗೆ ಸಿಕ್ತು.” ಗಿಡ್ಡ ಗೋಧಿ ಮೊಣಕಾಲೆತ್ತರಕ್ಕೆ ನಿಂತಿತ್ತು, ಕಳೆ ಸೊಂಟದೆತ್ತರಕ್ಕೆ ಬಂದಿತ್ತು. ಮರುದಿನ ಅದೇ ಹೊಲದಲ್ಲಿ ನಿಂತು ಅಧ್ಯಕ್ಷರು, ಸಾವಯವದಲ್ಲಿ ಕಳೆ ಎಂಬ ಪದವೇ ಇಲ್ಲ ಎಂದು ಭಾಷಣ ಮಾಡಿದರು. ನಾನು ನಡಾವಳಿಯಲ್ಲಿ ಬರೆದುಕೊಂಡೆ.

ಎರಡನೆಯ ವರ್ಷ ಅವರಿಗೆ ಸದಕದ ಹುಚ್ಚು ಹಿಡಿಯಿತು. ಅದೊಂದು ಹಳೇ ಗೋಧಿ, ಬೆಂಗಳೂರಿನವರು ಹುಡುಕಿಕೊಂಡು ಬರುತ್ತಾರೆ, ಸಕ್ಕರೆ ಕಾಯಿಲೆಯವರಿಗೆ ಒಳ್ಳೆಯದು ಎಂದರು. ಕೊನೆಯ ಮಾತು ಯಾರ ಸಲುವಾಗಿ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಸದಕ ಬಿತ್ತಿದರು. ಬೆಳೆ ಬಂತು ಕೂಡ. ಬಡಿದ ಮೇಲೆ ನೋಡಿದರೆ ಕಾಳು ಹೊಟ್ಟಿನಿಂದ ಹೊರಗೇ ಬರಲಿಲ್ಲ. ಭತ್ತದ ಹಾಗೆ ಸಿಪ್ಪೆ ಹೊದ್ದುಕೊಂಡೇ ಇರುವ ಜಾತಿ ಅದು. ಅದಕ್ಕೆ ಬೇರೆ ಯಂತ್ರವೇ ಬೇಕು, ನಮ್ಮ ಜಿಲ್ಲೆಯಲ್ಲಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಮುಳಬಾಗಿಲಿನ ಹಿಟ್ಟಿನ ಗಿರಣಿಯವನು ಚೀಲಕ್ಕೆ ಕೈ ಹಾಕಿ ನೋಡಿ, “ಇವಿ ಗೋಧುಮಲಾ, ವಡ್ಲಾ ಸಾಮಿ?” ಎಂದ. ಗೋಧಿಯೋ ಭತ್ತವೋ ಎಂದು. ಅಧ್ಯಕ್ಷರು ಗಂಭೀರವಾಗಿ, “ಒನಕೆಯಲ್ಲಿ ಕುಟ್ಟಿ. ನಮ್ಮ ಅಜ್ಜಿಯರು ಕುಟ್ಟಲಿಲ್ಲವೆ?” ಎಂದರು. ಅವರ ಮನೆಯವರು ಮಾತ್ರ ಕುಟ್ಟಿದ್ದನ್ನು ನಾನು ಕಾಣೆ. ನಮ್ಮ ಹಳ್ಳಿಗಳ ಹೆಂಗಸರು ಕೈ ಬೊಬ್ಬೆ ಬರಿಸಿಕೊಂಡು ಅವರ ಚಪಾತಿಗೆ ಗೋಧಿ ಕುಟ್ಟಿ ಕಳಿಸಿದರು. ಉಳಿದದ್ದು ಕೋಳಿಗಳಿಗೆ ಹೋಯಿತು.

ಮುನಿಯಮ್ಮ ಸದಕ ಮುಟ್ಟಲಿಲ್ಲ. ತನ್ನ ಕೆಂಪು ಗೋಧಿಯನ್ನೇ ಹಾಕಿದಳು. ಮೊದಲ ವರ್ಷ ತಿಪ್ಪೆ ಗೊಬ್ಬರ ಜಾಸ್ತಿಯಾಗಿ ಗಿಡ ಮಲಗಿಬಿಟ್ಟಿತ್ತು. ಎರಡನೆಯ ವರ್ಷ ಅರ್ಧಕ್ಕೆ ಇಳಿಸಿದಳು. ಮೊದಲ ವರ್ಷ ಬೀಜವನ್ನು ರಾಗಿಯ ಗುಡಾಣದಲ್ಲಿ ಸುಮ್ಮನೆ ಸುರಿದಿಟ್ಟು ಅರ್ಧ ಹುಳಕ್ಕೆ ಕೊಟ್ಟಿದ್ದಳು. ಎರಡನೆಯ ವರ್ಷ ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ, ತಿಂಗಳಿಗೊಮ್ಮೆ ಬಿಸಿಲು ಕಾಣಿಸಿದಳು. ಕೊಯ್ಲಿಗೆ ಮೊದಲು ಹಳೇ ಸೀರೆಯ ಚಿಂದಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಲದ ತುಂಬ ಓಡಾಡುವಳು. ಮಲಗದೆ ನಿಂತದ್ದು, ಎಲೆ ಕೆಂಪಾಗದ್ದು, ತೆನೆ ತುಂಬಿದ್ದು ಎಲ್ಲಿ ಕಂಡರೂ ಒಂದು ಚಿಂದಿ ಕಟ್ಟುವಳು. ಬೀಜಕ್ಕೆ ಚಿಂದಿ ಕಟ್ಟಿದ್ದು ಮಾತ್ರ. “ಇದು ಎದ್ದು ನೆರಳು ಮಾಡ್ತದೆ ಸಾಮಿ, ಕಳೆ ಕೆಳಗೇ ಸಾಯ್ತದೆ,” ಎಂದು ಬದುವಿನ ಮೇಲೆ ಕೂತು ನನಗೆ ಹೇಳುವಳು. “ಹುಲ್ಲೂ ಆಯ್ತದೆ. ನಂಗೆ ಇನ್ನೇನ್ ಬೇಕು?” ಮೂರನೆಯ ವರ್ಷಕ್ಕೆ ಆ ಗೋಧಿ ಅವಳ ನೆಲಕ್ಕೆ ಒಗ್ಗಿಕೊಂಡಿತು. ಅಧ್ಯಕ್ಷರು ತಂದ ಏಳು ತಳಿಯಲ್ಲಿ ನಮ್ಮಲ್ಲಿ ನಿಂತದ್ದು ಅದೊಂದೇ, ಅವರು ಉಗಿದದ್ದು.

ನಾನು ಅವರನ್ನು ಚೆನ್ನಾಗಿ ಅಣಕಿಸುತ್ತಿದ್ದೆ. ಅವರ ಕಾರು ತಿರುವಿನಲ್ಲಿ ಮರೆಯಾದ ಕೂಡಲೇ, “ಸಾಮಿ, ಒಂದ್ಸಲ ಮಾಡಿ ಸಾಮಿ,” ಎಂದು ಎಲ್ಲರೂ ಕೇಳುವರು. ನಾನು ಕಡಲೇಕಾಯಿ ಬೀಜವೊಂದನ್ನು ಹಲ್ಲಿನ ನಡುವೆ ಇಟ್ಟು, ಕಣ್ಣು ಮುಚ್ಚಿ, ಭೂಮಿತಾಯಿಯ ಕನಸನ್ನು ಅವರ ದನಿಯಲ್ಲೇ ಹೇಳುವೆ. ಮುನಿಯಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುವಳು. “ಈ ಮನುಷ್ಯನ ಬಾಯಲ್ಲಿ ಡಾಕ್ಟರ ಚೀಟಿ ಬಿಟ್ಟರೆ ನಿಜವಾದದ್ದು ಇನ್ನೊಂದಿಲ್ಲ,” ಎಂದು ನಾನು ಮುಗಿಸುವೆ. ಆ ಮಾತಿಗೆ ಸಿಗುತ್ತಿದ್ದ ನಗು ನನಗೆ ತುಂಬ ಇಷ್ಟವಾಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಮೂರನೆಯ ಸುಗ್ಗಿಯ ಮೇಲೆ ಅಧ್ಯಕ್ಷರು ಬೀಜ ಬ್ಯಾಂಕ್ ಮಾಡಬೇಕೆಂದರು. ಶ್ರೀನಿವಾಸಪುರದ ಔಷಧದ ಗೋಡೌನಿಗೆ ಸುಣ್ಣ ಹೊಡೆಸಿ, ಗೋಡೆಯುದ್ದಕ್ಕೂ ಗಾಜಿನ ಜಾಡಿ ಸಾಲಾಗಿ ಇಡಿಸಿದರು. ಸದಸ್ಯರು ಉಳಿಸಿದ ಬೀಜವನ್ನೆಲ್ಲ ಬ್ಯಾಂಕಿಗೆ ಕೊಡತಕ್ಕದ್ದು, ಬಿತ್ತನೆಯ ಕಾಲಕ್ಕೆ ಅಷ್ಟೇ ಬೀಜ ಮರಳಿ ಪಡೆಯತಕ್ಕದ್ದು ಎಂದು ನಿರ್ಣಯ ಆಯಿತು. ಬರೆದವನು ನಾನು. ಒಳ್ಳೆಯ ವಾಕ್ಯ ಎಂದು ಎರಡು ಸಲ ಓದಿಕೊಂಡೆ.

ಮುನಿಯಮ್ಮನ ಬೀಜ ತರಲು ನಾನೇ ಹೋದೆ. ಅವಳಿಗೆ ಕೊಡಲು ಮನಸ್ಸಿರಲಿಲ್ಲ. ಒಂದು ಎಕರೆಗೆ ಸರಿಯಾಗಿ ಒಂದು ಮೂಟೆ ಬೀಜ, ಮೂರು ವರ್ಷದ ಚಿಂದಿ ಕಟ್ಟಿದ ತೆನೆಗಳದ್ದು.

“ಅವ್ರ ಹತ್ರ ಯಾಕ್ ಸಾಮಿ ಇಡೋದು? ನಮ್ಮನೇಲಿ ಇದ್ರೆ ಏನು?”

“ನಿರ್ಣಯ ಆಗಿದೆ ಮುನಿಯಮ್ಮ. ಒಬ್ಬರಿಗೊಂದು ನಿಯಮ ಮಾಡಕ್ಕಾಗಲ್ಲ.”

“ಒಂದ್ ಸೇರು ಇಟ್ಕೊಳ್ಳಾ? ಒಂದೇ ಸೇರು.”

ನಾನು ಬೇಡ ಎಂದೆ. ಇವಳು ಒಂದು ಸೇರು ಇಟ್ಟುಕೊಂಡಳೆಂದರೆ ಉಳಿದವರೂ ಇಟ್ಟುಕೊಳ್ಳುತ್ತಾರೆ, ರಿಜಿಸ್ಟರಿನಲ್ಲಿ ತಾಳೆ ಬರುವುದಿಲ್ಲ ಎಂಬುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಅವಳು ಮೂಟೆಯ ಬಾಯಿ ಬಿಗಿದು ಕಟ್ಟಿದಳು. ಆಮೇಲೆ, “ನೀವ್ ಹೇಳ್ತೀರಲ್ಲ ಸಾಮಿ, ತಗೊಂಡೋಗಿ,” ಎಂದಳು. “ಬೂದಿ ತೆಗೀಬಾರ್ದು ಅಂತ ಹೇಳಿ. ತಿಂಗ್ಳಿಗೊಂದ್ಸಲ ಬಿಸಿಲಿಗೆ ಹಾಕ್ಬೇಕು.”

ಹೇಳಿದೆ. ಅಧ್ಯಕ್ಷರು ಆ ಮಾತನ್ನು ಕೈಯಲ್ಲೇ ಗಾಳಿಗೆ ತಳ್ಳಿದರು. “ರಾಗಿ ಎಷ್ಟು ವರ್ಷ ಇಡ್ತೀವ್ರೀ ನಾವು? ಯಾವ್ ಹುಳ ಬರುತ್ತೆ? ದೇಸಿ ತಳಿ ಇದು. ಬೂದಿ ಇದ್ರೆ ಜಾಡೀಲಿ ಗಲೀಜು ಕಾಣುತ್ತೆ.” ಬೂದಿಯನ್ನು ಜರಡಿಯಲ್ಲಿ ಇಳಿಸಿ, ಒಂದಿಷ್ಟನ್ನು ಜಾಡಿಗೆ ತುಂಬಿ, ಉಳಿದದ್ದನ್ನು ಮೂಟೆ ಕಟ್ಟಿ ಮೂಲೆಗಿಟ್ಟರು. ನಾನು ಇನ್ನೊಮ್ಮೆ ಹೇಳಲಿಲ್ಲ. ಅವರೆ, ಹುರುಳಿಗೆ ಹುಳ ಬೀಳುವುದು ಗೊತ್ತಿದ್ದರೂ ಹಿಟ್ಟಿನ ಕಾಳು ಎಂದರೆ ನಮಗೆಲ್ಲ ರಾಗಿಯೇ. ಗುಡಾಣಕ್ಕೆ ಸುರಿದು ಮರೆತುಬಿಟ್ಟರೂ ಅದು ಹಾಗೇ ಇರುತ್ತದೆ. ಮುನಿಯಮ್ಮ ಏನೋ ಹೆಂಗಸರ ಜಾಗ್ರತೆಗೆ ಹೇಳಿದಳು ಅಂದುಕೊಂಡೆ. ಅವಳು ಅರ್ಧ ಗುಡಾಣ ಕಳೆದುಕೊಂಡು ಕಲಿತದ್ದು ಅದು ಎಂದು ಗೊತ್ತಿದ್ದೂ ಹಾಗೆ ಅಂದುಕೊಂಡೆ.

ದೀಪಾವಳಿ ಮುಗಿದ ಮೇಲೆ ಬೀಜ ಹಂಚಲೆಂದು ಗೋಡೌನಿನ ಬಾಗಿಲು ತೆಗೆದೆವು. ಇದ್ದದ್ದು ನಾವಿಬ್ಬರೇ. ಮುನಿಯಮ್ಮನ ಮೂಟೆಯ ಬಾಯಿ ಬಿಚ್ಚಿದಾಗ ಒಳಗಿನಿಂದ ಬಿಳಿ ಹುಡಿ ಎದ್ದಿತು. ಕೈ ಹಾಕಿದರೆ ಕಾಳೆಲ್ಲ ಹಗುರ. ಒಂದೊಂದರ ಬೆನ್ನಿನಲ್ಲೂ ತೂತು. ಕಪ್ಪು ಸಣ್ಣ ಹುಳಗಳು ನನ್ನ ಮುಂಗೈ ಹತ್ತಿದವು. ಜಾಡಿಗಳಲ್ಲೂ ಅದೇ.

ಅಧ್ಯಕ್ಷರು ಹಳೇ ಔಷಧದ ಪೆಟ್ಟಿಗೆಯೊಂದರ ಮೇಲೆ ಕೂತರು. ಬಿಳಿ ಪ್ಯಾಂಟು ಧೂಳಾಗುವುದನ್ನೂ ನೋಡಲಿಲ್ಲ.

“ಹೇಳ್ಬಿಡೋಣ ರೀ,” ಎಂದರು. “ನಾನೇ ಹೋಗಿ ಹೇಳ್ತೀನಿ. ಬೇಕಾದ್ರೆ ಆಯಮ್ಮನ ಕಾಲಿಗೆ ಬೀಳ್ತೀನಿ.”

ಕಾಲಿಗೆ ಬೀಳುವುದೂ ಅವರಿಗೊಂದು ವೇದಿಕೆಯೇ ಎಂದು ನನಗೆ ಆ ಗಳಿಗೆಯಲ್ಲೂ ಅನ್ನಿಸಿತು. ಆದರೆ ನಾನು ಬೇಡ ಎಂದದ್ದು ಅದಕ್ಕಲ್ಲ. ಹೇಳಿದರೆ ಮುನಿಯಮ್ಮ ಬಯ್ಯುವುದು ಅವರನ್ನು. ನನ್ನನ್ನು ಸುಮ್ಮನೆ ನೋಡುತ್ತಾಳೆ. ಒಂದು ಸೇರು ಕೇಳಿದ್ದೆನಲ್ಲ ಸಾಮಿ ಎಂದು ಬಾಯಿಬಿಟ್ಟು ಅನ್ನುವುದೂ ಇಲ್ಲ, ನೋಡುತ್ತಾಳೆ ಅಷ್ಟೆ. ಅದನ್ನು ನನ್ನಿಂದ ತಡೆಯಲಾಗುತ್ತಿರಲಿಲ್ಲ.

“ಬೇಡ,” ಎಂದೆ. “ಮಾರ್ಕೆಟ್ಟಿನಲ್ಲಿ ಇದೇ ಬಣ್ಣದ್ದು ಸಿಗುತ್ತೆ.”

ಅವರು ನನ್ನ ಮುಖ ನೋಡಿದರು. “ಸರಿ ಇರುತ್ತಾ ರೀ ಅದು?” ಎಂದು ಒಂದೇ ಸಲ ಕೇಳಿದರು. ನಾನು ಮುಂಗೈಯ ಹುಳ ಕೊಡವಿದೆ. ಅವರು ಎರಡನೆಯ ಸಲ ಕೇಳಲಿಲ್ಲ. ಎಷ್ಟು ಬೇಗ ಒಪ್ಪಿಕೊಂಡರೆಂದರೆ, ನನಗೆ ಅವರ ಮೇಲೆ ಇದ್ದ ತಾತ್ಸಾರ ಇನ್ನಷ್ಟು ಹೆಚ್ಚಿತು. ಕೋಲಾರದಿಂದ ಕೆಂಪನೆಯ ಗೋಧಿ ತಂದವನು ನಾನು. ಒಲೆಯ ಬೂದಿ ತಂದು ಕಲಸಿದವನೂ ನಾನು. ಅವರು ಮೂಟೆಯ ಬಾಯಿ ಹಿಡಿದುಕೊಂಡು ನಿಂತಿದ್ದರು, ಆ ಕೆಲಸವನ್ನೂ ಸರಿಯಾಗಿ ಮಾಡದೆ ನೆಲಕ್ಕೆ ಚೆಲ್ಲಿದರು.

ಮುನಿಯಮ್ಮ ಒಂದು ಹಿಡಿ ತೆಗೆದು ಬೂದಿ ಊದಿ ಬಿಸಿಲಿಗೆ ಹಿಡಿದಳು. “ಸಾಮಿ, ಇದು ಯಾಕೋ ದುಂಡಗದೆ.”

“ಗೋಡೌನಿನ ತಂಪಿಗೆ ಉಬ್ಬಿರುತ್ತೆ,” ಎಂದೆ. ಇಷ್ಟು ಹಸಿ ಸುಳ್ಳನ್ನು ಅಧ್ಯಕ್ಷರೂ ಯಾವತ್ತೂ ಹೇಳಿರಲಿಲ್ಲ.

“ನೀವ್ ಹೇಳಿದ್ಮೇಲೆ ಸರಿ,” ಎಂದು ಬಿತ್ತಿದಳು. ಬಂದದ್ದು ಏನೆಂದು ಹೇಳಬೇಕಾಗಿಲ್ಲ. ಒಂದು ಗಿಡ ಮೊಣಕಾಲಿಗೆ, ಒಂದು ಅದಕ್ಕೂ ಕೆಳಗೆ. ಮೀಸೆಯಿಲ್ಲ. ಕಳೆ ಮೇಲೇರಿತು, ಎಲೆಗೆ ತುಕ್ಕು ಹಿಡಿಯಿತು. ನಾನು ಬದುವಿನ ಕಡೆ ಹೋಗುವುದನ್ನೇ ಬಿಟ್ಟೆ. ಚಳಿ ಮುಗಿಯುವ ಮೊದಲೇ ಅವಳು ಹಸುಗಳನ್ನು ಅದರೊಳಗೆ ಬಿಟ್ಟಳಂತೆ. ಮರುವರ್ಷದಿಂದ ಆ ಎಕರೆಯಲ್ಲಿ ರಾಗಿ, ಟೊಮೇಟೊ. ಆ ಕೆಂಪು ಗೋಧಿ ಈಗ ನಮ್ಮಲ್ಲಿ ಎಲ್ಲೂ ಇಲ್ಲ. ಧಾರವಾಡದ ಕಡೆ ಹುಡುಕಿದರೆ ಅದರ ನೆಂಟರು ಸಿಕ್ಕಾರು. ಅವಳ ನೆಲಕ್ಕೆ ಒಗ್ಗಿದ್ದು ಸಿಗುವುದಿಲ್ಲ.

ಅಧ್ಯಕ್ಷರು ಅಧ್ಯಕ್ಷರಾಗಿಯೇ ಉಳಿದರು. ‘ನಮ್ಮ ಮಣ್ಣಿಗೆ ಹೊಂದುವ ಗೋಧಿ ತಳಿಗಳ ಆಯ್ಕೆ’ ಎಂದು ಊರೂರಿಗೆ ಹೋಗಿ ಉಪನ್ಯಾಸ ಕೊಟ್ಟರು. ಮಾಲೂರಿನಲ್ಲಿ ಶಾಲು ಹೊದಿಸಿದರು, ಮಾಸ್ತಿಯಲ್ಲಿ ಹಾರ ಹಾಕಿದರು. ಖಾಲಿ ಜಾಡಿಗಳಿಗೆ ಯಾವುದೋ ಅಂಗಡಿಯ ಗೋಧಿ ತುಂಬಿ ಹೆಸರಿನ ಚೀಟಿ ಅಂಟಿಸಿದ್ದರು. ಒಂದೇ ಗೋಧಿ ಏಳು ಜಾಡಿಯಲ್ಲಿ, ಏಳು ಹೆಸರಿನಲ್ಲಿ. ನೋಡಿದವರೆಲ್ಲ ಫೋಟೋ ತೆಗೆದುಕೊಂಡು ಹೋದರು. ಹ್ಞಾ, ಕಳೆದ ವರ್ಷದಿಂದ ಸ್ವಲ್ಪ ಮಂಕಾಗಿದ್ದರು. ಸಭೆಯಲ್ಲಿ ನನ್ನ ಪಕ್ಕ ಕೂತು ಏನೋ ಹೇಳಲು ಬಾಯಿ ತೆರೆಯುವರು, ನಾನು ರಿಜಿಸ್ಟರು ಬಿಡಿಸುವೆ. ಹೋದ ತಿಂಗಳು ಚಪಾತಿ ತಿಂದು ಮಲಗಿದವರು ಏಳಲಿಲ್ಲ.

ಶ್ರದ್ಧಾಂಜಲಿ ಸಭೆಗೆ ಎಲ್ಲ ಸದಸ್ಯರನ್ನೂ ಕರೆಯುವುದು ಕಾರ್ಯದರ್ಶಿಯ ಕೆಲಸ. ಮುನಿಯಮ್ಮನ ಮನೆಗೂ ಹೋದೆ. ಅವಳು ಹಸುವಿಗೆ ಮೇವು ಹಾಕುತ್ತಿದ್ದವಳು ಕೈ ತೊಳೆದು ಬಂದು ಕಾಫಿ ಮಾಡಿ ಕೊಟ್ಟಳು. ಸಭೆಯ ವಿಷಯ ಹೇಳಿದೆ.

“ನಾನ್ ಬರಲ್ಲ ಸಾಮಿ.”

“ಹಾಗನ್ನಬಾರದು. ಸತ್ತವರ ಮೇಲೆ ಎಂಥ ಕೋಪ?”

“ನಿಮ್ಗೆ ಗೊತ್ತಿಲ್ಲ. ಹೋದ್ ವರ್ಷ ಯುಗಾದಿ ಆದ್ಮೇಲೆ ಇಲ್ಲಿಗ್ ಬಂದಿದ್ರು. ಕಾರಿಲ್ಲ, ಏನಿಲ್ಲ, ಬಸ್ಸಲ್ಲಿ. ಇಲ್ಲೇ ಜಗಲಿ ಮೇಲೆ ಕುಂತ್ಕೊಂಡು ಅಳಕ್ಕೆ ಶುರು ಮಾಡಿದ್ರು. ನಿನ್ ಬೀಜ ನನ್ ಗೋಡೌನಲ್ಲಿ ಹುಳ ತಿಂದೋಯ್ತು ಮುನಿಯಮ್ಮ, ತಪ್ಪಾಯ್ತು ಅಂದ್ರು.”

ನಾನು ಲೋಟ ಕೆಳಗಿಟ್ಟೆ.

“ಅಷ್ಟಕ್ಕೆ ಬಿಟ್ಟಿದ್ರೆ ಪಾಪ ಅಂತಿದ್ದೆ ಸಾಮಿ. ಬೇರೆ ಗೋಧಿ ತಂದು, ಬೂದಿ ಕಲ್ಸಿ, ನಿಂದೇ ಅಂತ ಕೊಟ್ಟಿದ್ದು ನಿಮ್ ಸೆಕ್ರೆಟ್ರಿ ಅಂದ್ರು. ನಿಮ್ಮನ್ನ!”

ಹಸು ಮೇವು ಜಗಿಯುವ ಸದ್ದು ಕೇಳುತ್ತಿತ್ತು. ಅವಳಿಗೆ ಸಿಟ್ಟು ಏರಿತ್ತು, ಮಾತು ಅರ್ಧ ತೆಲುಗಾಗಿತ್ತು.

“ಛೀ, ಸಿಗ್ಗು ಲೇದಾ ನೀಕು ಅಂದ್ಬಿಟ್ಟೆ. ನಾಚಿಕೆ ಆಗಲ್ವಾ, ಮಾಡೋದೆಲ್ಲ ನೀನ್ ಮಾಡಿ ಆ ದೇವ್ರಂಥೋರ್ ಮೇಲೆ ಹಾಕ್ತೀಯಾ ಅಂತ. ಇನ್ನೊಂದ್ಸಲ ನನ್ ಬಾಗ್ಲಿಗೆ ಬರ್ಬೇಡ ಅಂದೆ. ಎದ್ದು ಹೋದ್ರು. ಅವ್ರ ಬಾಯಲ್ಲಿ ನಿಜ ಬರಲ್ಲ ಅಂತ ನೀವ್ ಮೊದ್ಲಿಂದ್ಲೂ ಹೇಳ್ತಾನೇ ಇದ್ರಿ. ನಾನೇ ನಗ್ತಾ ಕುಂತಿದ್ದೆ.”

ಹೇಳಬಹುದಿತ್ತು. ಜಗಲಿಯಲ್ಲಿ ಅವಳೂ ನಾನೂ ಬಿಟ್ಟರೆ ಯಾರೂ ಇರಲಿಲ್ಲ. ಅವರು ಬಸ್ಸು ಹತ್ತಿ ಬಂದು ಕೂತದ್ದು ಈ ಜಾಗದಲ್ಲೇ. ನಾನು ಬಾಯಿ ತೆರೆದೆ.

“ಹಾಗಂದ್ರಾ?” ಎಂದೆ.

“ಬೇಜಾರ್ ಮಾಡ್ಕೋಬೇಡಿ ಸಾಮಿ, ಅಂಥೋರ್ ಮಾತು ಯಾರ್ ನಂಬ್ತಾರೆ,” ಎಂದು ಮುನಿಯಮ್ಮ ಆರಿಹೋದ ಕಾಫಿಯನ್ನು ಬಿಸಿ ಮಾಡಲು ಒಳಗೆ ತೆಗೆದುಕೊಂಡು ಹೋದಳು. ತಂದು ಕೊಟ್ಟಳು. ನಾನು ಪೂರ್ತಿ ಕುಡಿದು ಬಂದೆ.